ನಮ್ಮೂರಲ್ಲಿ ನೀರು 98ಕ್ಕೇ ಕುದಿಯುತ್ತದೆ: ತಾಪ, ಶಾಖ ಎರಡನ್ನೂ ಮನೆಯಲ್ಲೇ ಅಳೆಯುವ ಬಗೆ

"ಮೇಡಂ, ನೀವು ಹೇಳಿದ ಥರ್ಮಾಮೀಟರ್ ತಂದೆ. ನೀರು ಕೊತಕೊತ ಕುದೀತಿದೆ, ಇದು 98ಕ್ಕೆ ನಿಂತುಬಿಟ್ಟಿದೆ. ವಾಪಸ್ ಕೊಡಲಾ?"

ಟ್ಯೂಷನ್ ಹುಡುಗರ ಅಪ್ಪ-ಅಮ್ಮಂದಿರು ವರ್ಷಕ್ಕೆ ನಾಲ್ಕೈದು ಸಲ ಕೇಳುವ ಪ್ರಶ್ನೆ ಇದು. ವಾಪಸ್ ಕೊಡಬೇಡಿ, ಅದು ಸರಿಯಾಗೇ ಇದೆ. ಇದರ ಬೆನ್ನಿಗೇ ಇನ್ನೂ ಮೂರು ಬರುತ್ತವೆ: ಬಿಸಿ ಬೇರೆ, ಶಾಖ ಬೇರೆನಾ? ಸ್ಟೀಲ್ ಯಾಕೆ ಯಾವಾಗಲೂ ತಣ್ಣಗಿರುತ್ತೆ? ಒಂದು ಬಕೆಟ್ ನೀರು ಕಾಯಿಸೋಕೆ ಎಷ್ಟು ಕರೆಂಟ್ ಬೇಕು? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿದ್ದೇನೆ. ಓದಿ ಮುಗಿಸುವುದಕ್ಕಿಂತ ಮಾಡಿ ನೋಡಿ. ಒಂದು ಭಾನುವಾರ ಸಾಕು.

ಮೊದಲು ಪದಗಳ ಗೊಂದಲ ಬಿಡಿಸೋಣ. ನಮ್ಮ ಭಾಷೆಯಲ್ಲಿ ಇದಕ್ಕೆ ಪದ ಕಡಿಮೆ ಇಲ್ಲ. ಬಿಸಿ, ಕಾವು, ಝಳ, ಧಗೆ, ಸೆಕೆ ಎಲ್ಲಾ ಇವೆ. ಪಪ್ಪಾಯಿ ತಿಂದರೆ "ಉಷ್ಣ ಆಗುತ್ತೆ" ಅಂತಲೂ ಅನ್ನುತ್ತೇವೆ, ಅದಕ್ಕೂ ಥರ್ಮಾಮೀಟರಿಗೂ ಸಂಬಂಧ ಇಲ್ಲ, ಅದನ್ನು ಪಕ್ಕಕ್ಕಿಡಿ. ನಮಗೆ ಬೇಕಾದದ್ದು ಎರಡೇ ಪದ. ಒಂದು ತಾಪ. ಪುಸ್ತಕಗಳಲ್ಲಿ ತಾಪಮಾನ, ಉಷ್ಣತೆ ಅಂತಲೂ ಇರುತ್ತದೆ. ವಸ್ತುವಿನೊಳಗಿನ ಕಣಗಳು ಸದಾ ಅಲ್ಲಾಡುತ್ತಿರುತ್ತವೆ, ಸರಾಸರಿ ಒಂದೊಂದು ಕಣ ಎಷ್ಟು ಜೋರಾಗಿ ಅಲ್ಲಾಡುತ್ತಿದೆ ಅನ್ನುವುದರ ಅಳತೆಯೇ ತಾಪ, ಡಿಗ್ರಿಯಲ್ಲಿ ಹೇಳುತ್ತೇವೆ. ಇನ್ನೊಂದು ಶಾಖ, ಪುಸ್ತಕದಲ್ಲಿ ಉಷ್ಣ. ಜಾಸ್ತಿ ತಾಪ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿದು ಹೋಗುವ ಶಕ್ತಿ ಅದು. ಜೂಲ್ ಲೆಕ್ಕದಲ್ಲಿ ಅಳೆಯುತ್ತಾರೆ. ನೂರು ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಲು ಹೆಚ್ಚು ಕಮ್ಮಿ 1 ಜೂಲ್ ಬೇಕು.

ಎರಡೂ ಬೇರೆ ಅನ್ನುವುದಕ್ಕೆ ದೀಪಾವಳಿಯ ಸುರ್‌ಸುರ್ ಬತ್ತಿ ನೋಡಿ. ಅದರ ಒಂದೊಂದು ಕಿಡಿಯೂ ಸಾವಿರ ಡಿಗ್ರಿ ದಾಟಿರುತ್ತದೆ. ಆದರೂ ಕೈಮೇಲೆ ಬಿದ್ದರೆ ಚುರ್ ಅನ್ನುತ್ತದೆ ಅಷ್ಟೇ, ಯಾಕೆಂದರೆ ಕಿಡಿ ಅಂದರೆ ಕಣ್ಣಿಗೆ ಕಾಣದಷ್ಟು ಚೂರು ಕಬ್ಬಿಣ, ಅದರಲ್ಲಿ ಕೊಡಲು ಶಾಖವೇ ಇಲ್ಲ. ಅದೇ 98 ಡಿಗ್ರಿಯ ಒಂದು ಲೋಟ ನೀರು ಚೆಲ್ಲಿಕೊಂಡರೆ ಆಸ್ಪತ್ರೆಗೇ ಹೋಗಬೇಕು. (ಕಿಡಿ ಸುಡದಿದ್ದರೂ ಉರಿದ ಬತ್ತಿಯ ತಂತಿ ಖಂಡಿತ ಸುಡುತ್ತದೆ, ಮಕ್ಕಳಿಗೆ ಹೇಳಿಡಿ.)

ಏನೇನು ಬೇಕು

ಉದ್ದ ಸ್ಟೀಲ್ ಕಡ್ಡಿ ಇರುವ ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಒಂದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗ್ರಾಂ ತೋರಿಸುವ ಅಡುಗೆ ತಕ್ಕಡಿ. ಚಪಾತಿ ಇಡುವ ಹಳೇ ಸಣ್ಣ ಹಾಟ್‌ಬಾಕ್ಸ್, ಒಳಗೆ ಸ್ಟೀಲ್ ಇರುವುದು, ಒಂದು ಲೀಟರ್ ಹಿಡಿದರೆ ಸಾಕು. ಐಸ್. ಕಿರಾಣಿ ಅಂಗಡಿಯ ಹಳೇ ಅರ್ಧ ಕೆಜಿ ಕಬ್ಬಿಣದ ತೂಕದ ಬಟ್ಟು. ಅದು ಸಿಗದಿದ್ದರೆ ಗಟ್ಟಿ ಕಬ್ಬಿಣದ ಯಾವ ತುಂಡಾದರೂ ಆದೀತು. ದಾರ, ಇಕ್ಕಳ, ಒಣ ಬಟ್ಟೆ, ನೋಟ್‌ಬುಕ್.

ಜ್ವರ ನೋಡುವ ಥರ್ಮಾಮೀಟರ್ ಬೇಡವೇ ಬೇಡ. ಅದು 42 ಡಿಗ್ರಿಗೆ ಮುಗಿಯುತ್ತದೆ, ಗಾಜಿನದಾದರೆ ಬಿಸಿನೀರಿಗಿಟ್ಟ ತಕ್ಷಣ ಒಡೆಯುತ್ತದೆ, ಒಳಗಿರುವುದು ಪಾದರಸ. ಅಕಸ್ಮಾತ್ ಒಡೆದರೆ ಕೈಯಲ್ಲಿ ಮುಟ್ಟಬೇಡಿ, ಪೊರಕೆಯಲ್ಲಿ ಗುಡಿಸಬೇಡಿ. ಕಿಟಕಿ ತೆಗೆದು, ದಪ್ಪ ಕಾಗದದಲ್ಲಿ ಉರುಳಿಸಿ ಒಂದು ಬಾಟಲಿಗೆ ಹಾಕಿ ಮುಚ್ಚಿಡಿ. ಹಣೆಗೆ ಹಿಡಿಯುವ ಗನ್ ಇದೆಯಲ್ಲ, ಕೊರೊನಾ ಕಾಲದಲ್ಲಿ ಎಲ್ಲರೂ ತಗೊಂಡದ್ದು, ಅದೂ ಇಲ್ಲಿ ಪ್ರಯೋಜನಕ್ಕಿಲ್ಲ. ಅದು ಮೈಯ ತಾಪಕ್ಕೆ ಮಾಡಿದ್ದು, ಹೊಳೆಯುವ ಪಾತ್ರೆಗೆ ಹಿಡಿದರೆ ಸುಳ್ಳು ಹೇಳುತ್ತದೆ.

1. ಮೊದಲು ಕೈಯನ್ನು ನಂಬುವುದು ಬಿಡಿ

ಬೆಳಿಗ್ಗೆ ಎದ್ದ ಕೂಡಲೇ, ಒಲೆ ಹಚ್ಚುವ ಮೊದಲು, ಅಡುಗೆಮನೆಯಲ್ಲಿ ರಾತ್ರಿಯೆಲ್ಲಾ ಇದ್ದ ಒಂದು ಸ್ಟೀಲ್ ತಟ್ಟೆ, ಒಂದು ಮರದ ಮಣೆ ಮುಟ್ಟಿ. ತಟ್ಟೆ ತಣ್ಣಗೆ, ಮಣೆ ಬೆಚ್ಚಗೆ, ಅಲ್ವಾ? ಈಗ ಥರ್ಮಾಮೀಟರ್ ಕಡ್ಡಿಯನ್ನು ಒಂದೊಂದಕ್ಕೂ ಒತ್ತಿ, ಮೇಲೊಂದು ಮಡಚಿದ ಬಟ್ಟೆ ಹಾಕಿ ಎರಡು ನಿಮಿಷ ಕಾಯಿರಿ. ಎರಡೂ ಒಂದೇ ತಾಪ.

ನಿಮ್ಮ ಬೆರಳು 30ಕ್ಕಿಂತ ಜಾಸ್ತಿ ಇದೆ, ತಟ್ಟೆ ಇಪ್ಪತ್ತರ ಮೇಲೆ ಎಲ್ಲೋ ಇದೆ. ಸ್ಟೀಲ್ ಬೆರಳಿನಿಂದ ಶಾಖವನ್ನು ಸರಸರ ಎಳೆದುಕೊಳ್ಳುತ್ತದೆ, ಮರ ನಿಧಾನಕ್ಕೆ. ಕೈಗೆ ಗೊತ್ತಾಗುವುದು ತಾಪ ಅಲ್ಲ, ಶಾಖ ಎಷ್ಟು ಬೇಗ ಹೋಗುತ್ತಿದೆ ಅನ್ನುವುದು.

ನಂಬಿಕೆ ಬರಲಿಲ್ಲವಾ? ಒಂದೇ ಗಾತ್ರದ ಎರಡು ಐಸ್ ತುಂಡು ತಗೊಂಡು ಒಂದನ್ನು "ತಣ್ಣಗಿರುವ" ತಟ್ಟೆ ಮೇಲೆ, ಇನ್ನೊಂದನ್ನು "ಬೆಚ್ಚಗಿರುವ" ಮಣೆ ಮೇಲೆ ಇಡಿ. ಯಾವುದು ಮೊದಲು ಕರಗುತ್ತದೆ ಅಂತ ಮನೆಯವರ ಹತ್ತಿರ ಮೊದಲೇ ಹೇಳಿಸಿ. ಹೆಚ್ಚಿನವರು ಮಣೆ ಅನ್ನುತ್ತಾರೆ. ತಟ್ಟೆ ಮೇಲಿನದು ಕಣ್ಣೆದುರೇ ನೀರಾಗುತ್ತದೆ, ಮಣೆ ಮೇಲಿನದು ಇನ್ನೂ ಗಟ್ಟಿ ಇರುತ್ತದೆ. ಕೈಯಿಂದ ಶಾಖ ಎಳೆದ ಸ್ಟೀಲೇ ಐಸಿಗೆ ಶಾಖ ಕೊಡುವುದರಲ್ಲೂ ಮುಂದು.

2. ಥರ್ಮಾಮೀಟರ್ ಸರಿ ಇದೆಯಾ ನೋಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲಾ ವ್ಯರ್ಥ. ಎರಡು ಕಡೆ ಪರೀಕ್ಷೆ ಮಾಡಬೇಕು.

ಒಂದು, ಐಸ್. ಐಸನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಪುಡಿ ಮಾಡಿ, ಲೋಟದ ತುಂಬಾ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ನೀರು ಬಿಡಿ. ಕಲಕುತ್ತಾ ನಾಲ್ಕು ನಿಮಿಷ ಕಾಯಿರಿ. 0 ಬರಬೇಕು. ಐಸ್ ಕಡಿಮೆ, ನೀರು ಜಾಸ್ತಿ ಆದರೆ 2, 3 ತೋರಿಸುತ್ತದೆ. ಅದು ಥರ್ಮಾಮೀಟರ್ ತಪ್ಪಲ್ಲ, ನಿಮ್ಮದು.

ಎರಡು, ಕುದಿಯುವ ನೀರು. ಕಡ್ಡಿಯ ತುದಿ ಪಾತ್ರೆಯ ತಳಕ್ಕೆ ತಾಗಬಾರದು, ತಳ ನೀರಿಗಿಂತ ಬಿಸಿ ಇರುತ್ತದೆ. ನೀರಿನ ನಡುಮಧ್ಯ ಹಿಡಿಯಿರಿ. ಆವಿ ಕೈಗೆ ಹೊಡೆಯದ ಹಾಗೆ ಓರೆಯಾಗಿ, ಇಕ್ಕಳದಲ್ಲಿ.

ಈಗ 98ರ ವಿಷಯ. ನೀರು 100ಕ್ಕೆ ಕುದಿಯುವುದು ಸಮುದ್ರ ಮಟ್ಟದಲ್ಲಿ. ಕುದಿಯುವುದು ಅಂದರೆ ನೀರಿನೊಳಗೇ ಆವಿಯ ಗುಳ್ಳೆ ಎದ್ದು, ಮೇಲಿನ ಗಾಳಿಯ ಒತ್ತಡಕ್ಕೆ ಸಮ ನಿಂತು ಹೊರಬರುವುದು. ಮೇಲಕ್ಕೆ ಹೋದಷ್ಟೂ ಗಾಳಿ ತೆಳು, ಒತ್ತಡ ಕಡಿಮೆ, ಗುಳ್ಳೆಗೆ ಕೆಲಸ ಸಲೀಸು. ಅಂದಾಜು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ನಮ್ಮೂರು ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಹಾಗಾಗಿ 98. ಚಿತ್ರದುರ್ಗ ಇನ್ನೂ ಎತ್ತರ, 700 ಮೀಟರ್ ದಾಟುತ್ತದೆ. ಅಲ್ಲಿ 97.5ರ ಆಸುಪಾಸು. ಮಂಗಳೂರಿನ ನೆಂಟರ ಮನೆಯಲ್ಲಿ ಇದೇ ಥರ್ಮಾಮೀಟರ್ 100 ತೋರಿಸುತ್ತದೆ.

ಐಸಿನಲ್ಲಿ 1, ಕುದಿಯುವಲ್ಲಿ 99 ತೋರಿಸಿದರೆ ನಿಮ್ಮದು ಒಂದು ಡಿಗ್ರಿ ಜಾಸ್ತಿ ಹೇಳುತ್ತಿದೆ, ಎಲ್ಲಾ ಕಡೆ ಒಂದು ಕಳೆಯಿರಿ. ಐಸಿನಲ್ಲಿ ಸರಿ ಇದ್ದು ಕುದಿಯುವಲ್ಲಿ 94 ತೋರಿಸಿದರೆ ಆಗ ಅಂಗಡಿಗೆ ವಾಪಸ್ ಕೊಡಿ.

ಅಂದ ಹಾಗೆ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಈ ಅಳತೆ ಮಾಡಿದಾಗ ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಅಂತ ಇಟ್ಟಿದ್ದ. ಆಮೇಲೆ ತಿರುಗಿಸಿದ್ದು.

ಒಲೆ ಆರಿಸುವ ಮೊದಲು ಇನ್ನೊಂದು ನೋಡಿ. ಉರಿ ಸಣ್ಣ ಮಾಡಿ, ಬರೀ ಕುದಿ ನಿಲ್ಲದಷ್ಟು. 98. ಈಗ ಪೂರ್ತಿ ಜೋರು ಮಾಡಿ. ಆಗಲೂ 98! ಜಾಸ್ತಿ ಕೊಟ್ಟ ಶಾಖವೆಲ್ಲಾ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ, ಒಂದು ಡಿಗ್ರಿಯೂ ಏರುವುದಿಲ್ಲ. ಅಂದರೆ ತೆರೆದ ಪಾತ್ರೆಯಲ್ಲಿ ಬೇಳೆ ಕುದಿ ಬಂದ ಮೇಲೆ ಉರಿ ಜೋರಿಟ್ಟರೆ ಬೇಗ ಬೇಯುವುದಿಲ್ಲ, ಗ್ಯಾಸ್ ಖಾಲಿ ಆಗುತ್ತದೆ ಅಷ್ಟೇ. ಉಪ್ಪು ಹಾಕಿದರೆ ತಾಪ ಏರುತ್ತೆ ಅಂತ ಹೇಳುವವರಿದ್ದಾರೆ. ನಿಜ, ಆದರೆ ಲೀಟರಿಗೆ ಹತ್ತು ಗ್ರಾಂ ಉಪ್ಪು ಹಾಕಿದರೆ ಡಿಗ್ರಿಯ ಐದನೇ ಒಂದು ಭಾಗವೂ ಏರಲ್ಲ. ತಾಪ ಏರಬೇಕೆಂದರೆ ಒತ್ತಡ ಏರಬೇಕು, ಕುಕ್ಕರ್ ಮಾಡುವುದು ಅದನ್ನೇ. ಸೀಟಿ ಹೊಡೆಯುವಾಗ ಒಳಗೆ 120ರ ಹತ್ತಿರ ಇರುತ್ತದೆ.

3. ಬಿಸಿನೀರು, ತಣ್ಣೀರು ಬೆರೆಸಿ

ಹಾಟ್‌ಬಾಕ್ಸಿಗೆ 28 ಡಿಗ್ರಿಯ 200 ಗ್ರಾಂ ತಣ್ಣೀರು. ಅದಕ್ಕೆ 60 ಡಿಗ್ರಿಯ 200 ಗ್ರಾಂ ಬಿಸಿನೀರು ಬೇಗ ಸುರಿದು, ಮುಚ್ಚಿ, ಅಲ್ಲಾಡಿಸಿ, ನೋಡಿ. ಸಮಸಮ ಆದ್ದರಿಂದ ನಡುವಿನ 44 ಬರಬೇಕು. ಬಿಸಿನೀರು 100 ಗ್ರಾಂ, ತಣ್ಣೀರು 300 ಗ್ರಾಂ ಮಾಡಿದರೆ? 100×60, 300×28 ಕೂಡಿಸಿ 400ರಿಂದ ಭಾಗಿಸಿ, 36. ಇಷ್ಟೇ ನಿಯಮ: ಬಿಸಿಯದು ಕಳೆದುಕೊಂಡ ಶಾಖ, ತಣ್ಣನೆಯದು ಪಡೆದ ಶಾಖ ಎರಡೂ ಸಮ. ಮುಂದಿನ ಲೆಕ್ಕಗಳೆಲ್ಲಾ ಇದರ ಮೇಲೇ ನಿಂತಿವೆ.

ಮಾಡಿದವರಿಗೆಲ್ಲಾ 44ರ ಬದಲು 43ರ ಸುತ್ತ ಬರುತ್ತದೆ, ಆಗ "ನಿಯಮ ಸುಳ್ಳು" ಅನ್ನುತ್ತಾರೆ. ಸುಳ್ಳಲ್ಲ, ಹಾಟ್‌ಬಾಕ್ಸ್ ಕೂಡಾ ಪಾಲು ತಗೊಂಡಿದೆ. ಒಳಗಿನ ಸ್ಟೀಲ್ ಬಟ್ಟಲೂ 28 ಡಿಗ್ರಿಯಲ್ಲೇ ಇತ್ತಲ್ಲ, ಅದೂ ಬಿಸಿಯಾಗಬೇಕು. ನನ್ನ ಹಾಟ್‌ಬಾಕ್ಸಿನದು 18 ಗ್ರಾಂ ನೀರಿನಷ್ಟು ಶಾಖ ಕುಡಿಯುತ್ತದೆ, ಹಾಗಾಗಿ ತಣ್ಣೀರು 200 ಅಲ್ಲ, 218 ಅಂತ ಹಿಡಿದರೆ 43.3 ಬರುತ್ತದೆ. ನಿಮ್ಮ ಹಾಟ್‌ಬಾಕ್ಸಿನ ಸಂಖ್ಯೆ ಬೇರೆ ಇರಬಹುದು. ಇದೇ ಪ್ರಯೋಗ ಮೂರು ಸಲ ಮಾಡಿ, ಯಾವ ಸಂಖ್ಯೆ ಹಾಕಿದರೆ ಸರಿ ಕೂಡುತ್ತದೋ ಅದನ್ನು ಹಾಟ್‌ಬಾಕ್ಸ್ ಮೇಲೇ ಬರೆದಿಡಿ, ಮುಂದೆ ಬೇಕಾಗುತ್ತದೆ.

4. ಕಬ್ಬಿಣದ ಬಟ್ಟಿಗೆ ಎಷ್ಟು ಶಾಖ ಹಿಡಿಯುತ್ತದೆ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಅರ್ಧ ಕೆಜಿ ಬಟ್ಟಿಗೆ ದಾರ ಕಟ್ಟಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಈಗ ಅದೂ 98 ಡಿಗ್ರಿ. ಹಾಟ್‌ಬಾಕ್ಸಿನಲ್ಲಿ 28 ಡಿಗ್ರಿಯ 500 ಗ್ರಾಂ ನೀರು ಇಟ್ಟುಕೊಳ್ಳಿ. ಬಟ್ಟನ್ನು ಅದಕ್ಕೆ ಇಳಿಸುವ ಮೊದಲು ಒಂದು ಊಹೆ ಬರೆಯಿರಿ: ಕೊನೆಗೆ ಎಷ್ಟು ಡಿಗ್ರಿ? ಅರ್ಧ ಕೆಜಿ ಕಬ್ಬಿಣ, ಅರ್ಧ ಕೆಜಿ ನೀರು, ಸಮಸಮ, ಹಾಗಾದರೆ 63 ಅಂತ ಹುಡುಗರು ಬರೆಯುತ್ತಾರೆ.

ಇಳಿಸಿ. ಮುಚ್ಚಿ, ಕಡ್ಡಿಯ ತುದಿ ಬಟ್ಟಿಗೆ ತಾಗದಂತೆ ಕಲಕಿ, ತಾಪ ಏರಿ ನಿಲ್ಲುವವರೆಗೆ ಕಾಯಿರಿ. ನನಗೆ ನಿಂತದ್ದು 34.5ಕ್ಕೆ.

ಮೊದಲ ಸಲ ನೋಡಿದವರು ಥರ್ಮಾಮೀಟರನ್ನೇ ಕುಟ್ಟಿ ನೋಡುತ್ತಾರೆ. ಕುದಿಯುವ ನೀರಿನಿಂದ ತೆಗೆದ ಅರ್ಧ ಕೆಜಿ ಕಬ್ಬಿಣ, ಅಷ್ಟೇ ತೂಕದ ನೀರನ್ನು ಏಳು ಡಿಗ್ರಿಯೂ ಏರಿಸಲಿಲ್ಲ!

ಲೆಕ್ಕ ಹೀಗೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.2 ಜೂಲ್ ಬೇಕು. ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಈ ಶಾಖಕ್ಕೆ ಪುಸ್ತಕದಲ್ಲಿ ವಿಶಿಷ್ಟ ಉಷ್ಣ ಅನ್ನುತ್ತಾರೆ. ನೀರು ಪಡೆದದ್ದು 500×4.2×6.5, ಅಂದರೆ 13,650 ಜೂಲ್. ಅಷ್ಟನ್ನೂ ಕಬ್ಬಿಣ ಕೊಟ್ಟಿದೆ, 98ರಿಂದ 34.5ಕ್ಕೆ 63.5 ಡಿಗ್ರಿ ಇಳಿದು. 13,650ನ್ನು 500ರಿಂದ, 63.5ರಿಂದ ಭಾಗಿಸಿದರೆ 0.43. ಹಾಟ್‌ಬಾಕ್ಸಿನ 18 ಗ್ರಾಂ ಸೇರಿಸಿ 518 ಅಂತ ಮಾಡಿದರೆ 0.445. ಪುಸ್ತಕದಲ್ಲಿ ಕಬ್ಬಿಣಕ್ಕೆ ಕೊಟ್ಟಿರುವುದು 0.45. ಅಡುಗೆಮನೆಯಲ್ಲಿ ಕೂತು ಇಷ್ಟು ಹತ್ತಿರ ಬಂದರೆ ಸಾಕಲ್ವಾ?

ಎಲ್ಲಿ ಎಡವುತ್ತಾರೆ ಅಂದರೆ:

ಬಟ್ಟು ತೆಗೆದಾಗ ಅದಕ್ಕೆ ಅಂಟಿದ ಕುದಿನೀರನ್ನು ಕೊಡವುದಿಲ್ಲ. ಐದೇ ಗ್ರಾಂ ಕುದಿನೀರು ಜೊತೆಗೆ ಬಂದರೂ ಸುಮಾರು 1,300 ಜೂಲ್ ಎಕ್ಸ್‌ಟ್ರಾ, ಉತ್ತರ ಹತ್ತರಲ್ಲೊಂದು ಪಾಲು ಏರಿಬಿಡುತ್ತದೆ. ಒಮ್ಮೆ ಜೋರಾಗಿ ಕೊಡವಿ ತಕ್ಷಣ ಇಳಿಸಿ. ಹಾಗಂತ ಬಟ್ಟೆಯಲ್ಲಿ ಒರೆಸುತ್ತಾ ನಿಂತರೆ ಕಬ್ಬಿಣವೇ ಆರಿಹೋಗುತ್ತದೆ, ಉತ್ತರ ಕೆಳಗೆ ಬರುತ್ತದೆ. ಒಲೆಗೂ ಹಾಟ್‌ಬಾಕ್ಸಿಗೂ ಒಂದು ಮೊಳಕ್ಕಿಂತ ದೂರ ಇರಬಾರದು. ದಾರ ಹತ್ತಿಯದಿರಲಿ, ಪ್ಲಾಸ್ಟಿಕ್ ದಾರ ಮೆತ್ತಗಾಗಿ ಬಟ್ಟು ಕಾಲ ಮೇಲೆ ಬೀಳುತ್ತದೆ. ಇನ್ನೊಂದು ಮುಖ್ಯ: ಹಳೇ ಬಟ್ಟುಗಳ ತಳದಲ್ಲಿ ತೂಕ ಸರಿಮಾಡಲು ಸೀಸ ತುಂಬಿರುತ್ತಾರೆ. ಆ ನೀರು ಚೆಲ್ಲಿ, ಕುಡಿಯಬೇಡಿ, ಪಾತ್ರೆಯನ್ನೂ ಅಡುಗೆಗೆ ಬಳಸಬೇಡಿ. ಈ ಪ್ರಯೋಗಕ್ಕೆ ಹಳೇ ಹಾಟ್‌ಬಾಕ್ಸನ್ನೇ ಇಟ್ಟುಕೊಳ್ಳಿ ಅನ್ನುವುದು ಅದಕ್ಕೇ.

ಈ ಒಂದು ಸಂಖ್ಯೆ ಕೈಗೆ ಸಿಕ್ಕರೆ ಊರಲ್ಲಿ ಎಷ್ಟೊಂದು ವಿಷಯ ಬಿಡಿಸಿಕೊಳ್ಳುತ್ತವೆ ನೋಡಿ. ಮರಳು, ಕಲ್ಲು ಎರಡರದ್ದೂ 0.8ರ ಹತ್ತಿರ, ನೀರಿನ ಐದನೇ ಒಂದು ಭಾಗ. ಮಂಡಕ್ಕಿ ಭಟ್ಟಿಯಲ್ಲಿ ಮರಳು ಬಳಸುವುದು ಯಾಕೆ? ಬೇಗ ಕಾಯುತ್ತದೆ, ನೀರಿನ ಹಾಗೆ ಕುದಿದು ಆವಿಯಾಗಿ ಹೋಗುವುದಿಲ್ಲ, 200 ಡಿಗ್ರಿ ದಾಟಿದರೂ ಅಲ್ಲೇ ಇರುತ್ತದೆ, ಮೇಲಾಗಿ ಅಕ್ಕಿಯ ಸುತ್ತಲೂ ತಾಗುತ್ತದೆ. ಅಕ್ಕಿಯೊಳಗಿನ ಒಂಚೂರು ನೀರು ಒಮ್ಮೆಗೇ ಆವಿಯಾಗಿ ಉಬ್ಬುತ್ತದೆ, ಕೆಲವೇ ಸೆಕೆಂಡಿನ ಕೆಲಸ.

ದುರ್ಗದ ಕೋಟೆಗೆ ಏಪ್ರಿಲ್ ಸಂಜೆ ಹೋಗಿದ್ದರೆ ಗೊತ್ತಿರುತ್ತದೆ, ಸೂರ್ಯ ಮುಳುಗಿ ಗಾಳಿ ತಂಪಾದರೂ ಬಂಡೆಗೆ ಒರಗಿದರೆ ಬೆನ್ನು ಬೆಚ್ಚಗಾಗುತ್ತದೆ. ಗ್ರಾಂ ಲೆಕ್ಕದಲ್ಲಿ ಕಲ್ಲು ಕಡಿಮೆ ಶಾಖ ಹಿಡಿಯುವುದು ನಿಜ, ಆದರೆ ಗ್ರಾಂ ಎಷ್ಟಿವೆ! ಒಂದು ಘನ ಮೀಟರ್ ಬಂಡೆ, ಅಂದರೆ ಉದ್ದ ಅಗಲ ಎತ್ತರ ಮೂರೂ ಒಂದೊಂದು ಮೀಟರ್ ಇರುವುದು, ಅಂದಾಜು 2,700 ಕೆಜಿ. ಅದು ಹತ್ತು ಡಿಗ್ರಿ ಆರಿದರೆ 6 ಯೂನಿಟ್ ಕರೆಂಟಿನಷ್ಟು ಶಾಖ ಬಿಡುತ್ತದೆ. ನಿಮ್ಮ ಮನೆಯ ತಾರಸಿಯೂ ಇದನ್ನೇ ಮಾಡುವುದು, ರಾತ್ರಿ ಹನ್ನೊಂದಾದರೂ ಮೇಲಿನ ಕೋಣೆಯಲ್ಲಿ ಮಲಗಕ್ಕಾಗಲ್ಲ. ಅಷ್ಟೇ ಗಾತ್ರದ ನೀರಾದರೆ ಹತ್ತು ಡಿಗ್ರಿಗೆ 12 ಯೂನಿಟ್ ಹತ್ತಿರ. ಮಾರಿಕಣಿವೆ ಅಣೆಕಟ್ಟಿನ ನೀರು ಮಟಮಟ ಮಧ್ಯಾಹ್ನವೂ ದಡದ ಕಲ್ಲಿನಷ್ಟು ಕಾಯದಿರಲು ಇದೊಂದು ಕಾರಣ.

5. ಐಸ್ ಕರಗಲು ಎಷ್ಟು ಶಾಖ?

ಹಾಟ್‌ಬಾಕ್ಸಿನಲ್ಲಿ 40 ಡಿಗ್ರಿಯ 200 ಗ್ರಾಂ ನೀರು. ಅದಕ್ಕೆ 50 ಗ್ರಾಂ ಐಸ್. ಐಸಿನ ಬದಲು 0 ಡಿಗ್ರಿಯ ತಣ್ಣೀರು ಹಾಕಿದ್ದರೆ 32ರ ಹತ್ತಿರ ಬರುತ್ತಿತ್ತು. ಐಸ್ ಹಾಕಿದಾಗ ನನಗೆ ಬಂದದ್ದು 18. ಎರಡೂ 0 ಡಿಗ್ರಿಯೇ, ತೂಕವೂ ಒಂದೇ, ಆದರೆ ವ್ಯತ್ಯಾಸ ಹದಿನಾಲ್ಕು ಡಿಗ್ರಿ.

ಈ ವ್ಯತ್ಯಾಸವೇ ಗುಪ್ತೋಷ್ಣ. ತಾಪ ಏರಿಸದೆ, ಬರೀ ಗಟ್ಟಿಯನ್ನು ನೀರು ಮಾಡಲು, ಇಲ್ಲವೇ ನೀರನ್ನು ಆವಿ ಮಾಡಲು ಖರ್ಚಾಗುವ ಶಾಖ. ಥರ್ಮಾಮೀಟರಿಗೆ ಕಾಣದೆ ಅಡಗಿರುವುದರಿಂದ ಆ ಹೆಸರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಇದನ್ನು ಪಾಠ ಮಾಡುತ್ತಿದ್ದ. ಅವನಿಗೂ ಮೊದಲು, 0 ಡಿಗ್ರಿಗೆ ಬಂದ ಐಸಿಗೆ ಇನ್ನೊಂಚೂರು ಶಾಖ ತಾಗಿದರೆ ಪೂರ್ತಿ ನೀರಾಗುತ್ತೆ ಅಂತಲೇ ಜನ ತಿಳಿದಿದ್ದರು.

ನಮ್ಮ ಲೆಕ್ಕ: ಹಾಟ್‌ಬಾಕ್ಸ್ ಸೇರಿ 218 ಗ್ರಾಂ, 22 ಡಿಗ್ರಿ ಇಳಿದಿದೆ, 218×4.2×22 ಅಂದರೆ 20,143 ಜೂಲ್ ಹೋಗಿದೆ. ಕರಗಿದ 50 ಗ್ರಾಂ ನೀರು 0ಯಿಂದ 18ಕ್ಕೆ ಏರಲು 3,780 ಬೇಕು. ಉಳಿದ 16,363 ಜೂಲ್ 50 ಗ್ರಾಂ ಕರಗಿಸಿದೆ. ಗ್ರಾಂಗೆ 327. ಪುಸ್ತಕದ್ದು 334.

ಇಲ್ಲಿ ತಪ್ಪು ಆಗುವುದು ಐಸಿನಲ್ಲೇ. ಫ್ರೀಜರಿನಿಂದ ಆಗತಾನೇ ತೆಗೆದ ಐಸ್ 0 ಅಲ್ಲ, ಮೈನಸ್ ಹತ್ತು, ಹದಿನೈದು ಇರುತ್ತದೆ. ತಟ್ಟೆಯಲ್ಲಿಟ್ಟು ಮೈ ಒದ್ದೆಯಾಗುವವರೆಗೆ ಬಿಡಿ. ಆಮೇಲೆ ಆ ಒದ್ದೆಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಹಾಕಿ. ಒದ್ದೆ ಐಸ್ ಅಂದರೆ ಆಗಲೇ ಕರಗಿದ ನೀರನ್ನೂ ಐಸ್ ಅಂತ ತೂಗಿದ ಹಾಗೆ, ಉತ್ತರ 280, 290ಕ್ಕೆ ಬೀಳುತ್ತದೆ. ಐಸಿನ ತೂಕವನ್ನು ಮೊದಲು ತೂಗುವುದಕ್ಕಿಂತ, ಕರಗಿದ ಮೇಲೆ ಹಾಟ್‌ಬಾಕ್ಸಿನ ತೂಕ ಎಷ್ಟು ಏರಿದೆ ನೋಡುವುದು ಒಳ್ಳೆಯದು.

6. ಆವಿಯಾಗುವಾಗ ತಂಪು

ಇದಕ್ಕೆ ಹೆಚ್ಚು ಸರಂಜಾಮು ಬೇಡ. ಥರ್ಮಾಮೀಟರ್ ಕಡ್ಡಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಫ್ಯಾನ್ ಕೆಳಗೆ ಹಿಡಿಯಿರಿ. ನಮ್ಮ ಒಣ ಬೇಸಿಗೆಯಲ್ಲಿ ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಯುತ್ತದೆ. ನೀರು ಆವಿಯಾಗಲು ಗ್ರಾಂಗೆ ಸುಮಾರು 2,260 ಜೂಲ್ ಬೇಕು, ಐಸ್ ಕರಗಿಸುವುದಕ್ಕಿಂತ ಆರೇಳು ಪಟ್ಟು. ಅದನ್ನು ಪಕ್ಕದಲ್ಲಿರುವುದರಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಗಡಿಗೆ ನೀರು ತಂಪಾಗುವುದು ಹೀಗೆ. ಗಡಿಗೆಗೆ ಹೊರಗಿನಿಂದ ಪೇಂಟ್ ಹೊಡೆದಿದ್ದರೆ ಜಿನುಗುವುದಿಲ್ಲ, ತಂಪೂ ಆಗುವುದಿಲ್ಲ, ಚಂದ ಇದೆ ಅಂತ ತಗೋಬೇಡಿ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುವಾಗ ಒಳ್ಳೇ ಗಡಿಗೆಯೂ ಸೋಲುತ್ತದೆ.

ಬೆಣ್ಣೆದೋಸೆ ಹೋಟೆಲಿನಲ್ಲಿ ದೋಸೆ ದೋಸೆಗೂ ನಡುವೆ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರಲ್ಲ, ಅದೂ ಇದೇ ಲೆಕ್ಕ. 20 ಕೆಜಿ ಕಬ್ಬಿಣದ ಕಾವಲಿ ಅಂತ ಇಟ್ಟುಕೊಳ್ಳಿ. ಹತ್ತು ಡಿಗ್ರಿ ಇಳಿಸಲು 90,000 ಜೂಲ್ ತೆಗೆಯಬೇಕು. 28 ಡಿಗ್ರಿಯ ಒಂದು ಗ್ರಾಂ ನೀರು ಕಾದು ಆವಿಯಾಗುವಾಗ 2,550 ಜೂಲ್ ಒಯ್ಯುತ್ತದೆ. ಅಂದರೆ 35 ಗ್ರಾಂ ನೀರು, ಒಂದು ಬೊಗಸೆಗೂ ಕಡಿಮೆ. ಕೆಳಗೆ ಸೌದೆ ಉರಿಯುತ್ತಲೇ ಇದ್ದರೂ ಮೇಲ್ಮೈ ಅಷ್ಟು ಹೊತ್ತಿಗೆ ಇಳಿದಿರುತ್ತದೆ, ಹಿಟ್ಟು ಹುಯ್ಯಲು ಅದೇ ಬೇಕಾದದ್ದು.

ಚಿಮುಕಿಸಿದ ನೀರನ್ನು ಸರಿಯಾಗಿ ನೋಡಿ. ಚುಂಯ್ ಅಂತ ಸದ್ದು ಮಾಡಿ ಹರಡಿ ಮಾಯವಾದರೆ ಒಂದು ಹದ. ಹನಿಗಳು ಮುತ್ತಿನ ಹಾಗೆ ಉರುಳಾಡಿದರೆ ಕಾವಲಿ 200ರ ಹತ್ತಿರ ಇಲ್ಲವೇ ಅದಕ್ಕೂ ಜಾಸ್ತಿ ಕಾದಿದೆ. ಹನಿಯ ಕೆಳಗೆ ಆವಿಯ ಪದರ ಕಟ್ಟಿ ಅದು ಕಬ್ಬಿಣಕ್ಕೆ ತಾಗುವುದೇ ಇಲ್ಲ. ಜರ್ಮನಿಯ ಲೈಡನ್‌ಫ್ರಾಸ್ಟ್ ಅನ್ನುವ ವೈದ್ಯ 1756ರಲ್ಲಿ ಇದನ್ನು ವಿವರವಾಗಿ ಬರೆದ, ಅವನ ಹೆಸರಲ್ಲೇ ಈಗಲೂ ಕರೆಯುತ್ತಾರೆ. ಮನೆಯಲ್ಲಿ ನೋಡುವುದಾದರೆ ಕಬ್ಬಿಣದ ಕಾವಲಿ ಮೇಲೆ ನೋಡಿ, ನಾನ್‌ಸ್ಟಿಕ್ ಖಾಲಿ ಕಾಯಿಸಬೇಡಿ. ಕಾದ ಎಣ್ಣೆಗೆ ಮಾತ್ರ ಹನಿ ನೀರೂ ಹಾಕಬಾರದು. ಹನಿ ಕೆಳಗೆ ಮುಳುಗಿ, ಒಮ್ಮೆಲೇ ಆವಿಯಾಗಿ, ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ.

ಆವಿಯ ಬಗ್ಗೆ ಇನ್ನೊಂದು ಎಚ್ಚರಿಕೆ. ಆವಿ ಚರ್ಮದ ಮೇಲೆ ನೀರಾಗುವಾಗ ಆ 2,260 ಜೂಲನ್ನೂ ವಾಪಸ್ ಕೊಡುತ್ತದೆ. ಒಂದೇ ತಾಪದ ಕುದಿನೀರಿಗಿಂತ ಆವಿ ಜಾಸ್ತಿ ಸುಡುವುದು ಅದಕ್ಕೆ. ಇಡ್ಲಿ ಪಾತ್ರೆ ಮುಚ್ಚಳ ನಿಮ್ಮಿಂದ ಆಚೆಗೆ ತೆರೆಯಿರಿ.

7. ಬಕೆಟ್ ನೀರಿಗೆ ಎಷ್ಟು ಕರೆಂಟ್

ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. 15 ಲೀಟರ್ ಬಕೆಟ್ಟನ್ನು 24ರಿಂದ 42ಕ್ಕೆ ಏರಿಸಲು 15,000×4.2×18, ಅಂದರೆ 11 ಲಕ್ಷ 34 ಸಾವಿರ ಜೂಲ್, ಒಂದು ಯೂನಿಟ್‌ನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. 1,500 ವ್ಯಾಟಿನ ಹೀಟರ್ ರಾಡ್ ಸೆಕೆಂಡಿಗೆ 1,500 ಜೂಲ್ ಕೊಡುತ್ತದೆ. 756 ಸೆಕೆಂಡ್, ಅಂದರೆ ಹನ್ನೆರಡೂವರೆ ನಿಮಿಷ. ಬಕೆಟ್ಟಿನ ಮೈಯಿಂದ, ಮೇಲಿನಿಂದ ಒಂದಿಷ್ಟು ಸೋರಿ ಹೋಗುವುದರಿಂದ ಹದಿಮೂರು, ಹದಿನಾಲ್ಕು ಹಿಡಿಯಬಹುದು. ಇಪ್ಪತ್ತು ನಿಮಿಷ ಬೇಕಾಗುತ್ತಿದ್ದರೆ ರಾಡಿಗೆ ಬಿಳಿ ಉಪ್ಪು ಕಟ್ಟಿದೆ ಅಂತ ದೂರಬೇಡಿ, ಉಪ್ಪು ಕಟ್ಟಿದರೂ ಶಾಖ ಹೋಗಬೇಕಾದದ್ದು ನೀರಿಗೇ. ಬೇರೆ ಕಾರಣ ಹುಡುಕಿ, ಮೊದಲು ವೋಲ್ಟೇಜ್. 230ರ ಬದಲು 190 ಬರುತ್ತಿದ್ದರೆ ರಾಡಿನ ಶಕ್ತಿ ಮೂರನೇ ಎರಡು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಹಾಗಂತ ಉಪ್ಪು ಹಾಗೇ ಬಿಡಬೇಡಿ, ಒಳಗೆ ಕಾವು ಏರಿ ರಾಡ್ ಬೇಗ ಸುಟ್ಟುಹೋಗುತ್ತದೆ.

ರಾಡ್ ಪ್ಲಗ್ಗಿನಲ್ಲಿರುವಾಗ ನೀರಿಗೆ ಬೆರಳಾಗಲಿ, ಥರ್ಮಾಮೀಟರಿನ ಸ್ಟೀಲ್ ಕಡ್ಡಿಯಾಗಲಿ ಇಳಿಸಬೇಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ, ರಾಡ್ ಹೊರಗೆ ತೆಗೆಯಿರಿ, ಆಮೇಲೆ ಅಳೆಯಿರಿ. ಮಕ್ಕಳನ್ನು ಈ ಒಂದು ಪ್ರಯೋಗಕ್ಕೆ ಸೇರಿಸಬೇಡಿ, ಟೈಮ್ ನೋಡಿ ಬರೆದುಕೊಳ್ಳುವ ಕೆಲಸ ಕೊಟ್ಟು ದೂರ ಕೂರಿಸಿ.

ಅಳೆಯುವಾಗ ಮೇಲುಮೇಲೆ ಕಡ್ಡಿ ಅದ್ದಿ 55 ಅಂತ ಬರೆದುಕೊಂಡು "ಲೆಕ್ಕಕ್ಕಿಂತ ಜಾಸ್ತಿ ಕಾದಿದೆ" ಅಂತ ನನಗೆ ಫೋನ್ ಮಾಡಬೇಡಿ. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ, ರಾಡಿನ ತುದಿಗಿಂತ ಕೆಳಗಿರುವ ನೀರು ಇನ್ನೂ ತಣ್ಣಗೇ ಇರುತ್ತದೆ. ಚೊಂಬಿನಲ್ಲಿ ತಳದಿಂದ ಹತ್ತು ಸಲ ಎತ್ತಿ ಹುಯ್ಯಿರಿ, ಆಮೇಲೆ ಓದಿ.